ಚಿಕ್ಕಮ್ಮನ ಮುಖವನ್ನು ನಾನು ತೆಗೆಸಿದ್ದು

ಇಪ್ಪತ್ತು ಜನರಲ್ಲಿ ಹದಿನಾಲ್ಕು ಮಂದಿ ಆ ಚಿತ್ರವನ್ನೇ ಮುಟ್ಟಿದ್ದರು. ಯಾರೂ ಮುಟ್ಟಲಿಲ್ಲ ಎಂದು ನಾನು ವಾರಿಜಳಿಗೆ ಹೇಳಿದೆ. ಎಣಿಕೆ ತಪ್ಪಿ ಹೇಳಿದ್ದಲ್ಲ, ಮರೆತು ಹೇಳಿದ್ದೂ ಅಲ್ಲ — ಪಟ್ಟಿಯನ್ನು ಎದುರಿಗೆ ಇಟ್ಟುಕೊಂಡು, ಅದನ್ನು ನೋಡುತ್ತಲೇ ಹೇಳಿದೆ. ಮೂರು ವರ್ಷ ಆ ಸುಳ್ಳನ್ನು ಕಾಪಾಡಿಕೊಂಡು ಬಂದೆ.

ವಾರಿಜ ಉಡುಪಿ ಕಡೆಯವಳು, ನಾನು ಮೈಸೂರಿನವಳು. ಸಿಡ್ನಿಗೆ ಬಂದ ಹೊಸದರಲ್ಲಿ ಹ್ಯಾರಿಸ್ ಪಾರ್ಕಿನ ಒಂದು ಬಾಡಿಗೆ ಮನೆಯಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಕೆಳಗಿನ ಸ್ವೀಟ್ ಅಂಗಡಿಯ ತುಪ್ಪದ ವಾಸನೆ ನಮ್ಮ ಬಟ್ಟೆಗೆಲ್ಲ ಹತ್ತಿಕೊಳ್ಳುತ್ತಿತ್ತು. ಅಲ್ಲಿ, ಭಾನುವಾರಗಳಲ್ಲಿ, ಸೇರಿ ಒಂದು ವಿಡಿಯೋ ಗೇಮ್ ಮಾಡಲು ಹೊರಟೆವು. ಗುಂಡು ಹಾರಿಸುವಂಥದ್ದಲ್ಲ, ಪ್ರೇಮಕಥೆ. ಬಟ್ಟೆ ಆಲ್ಟರ್ ಮಾಡುವ ಅಂಗಡಿ ಇಟ್ಟಿರುವ, ಐವತ್ತು ದಾಟಿದ, ಮದುವೆಯಾಗದ ಹೆಂಗಸು. ಕೋಟು ಬಿಗಿ ಮಾಡಿಸಲು ಬರುವ ಒಬ್ಬ ವಿಧುರ. ಅವಳು ಯಾವ ಮಾತು ಆಡಬೇಕು, ಯಾವುದನ್ನು ನುಂಗಿಕೊಳ್ಳಬೇಕು ಎಂದು ಆಡುವವರು ಆರಿಸುತ್ತ ಹೋಗಬೇಕು. ಚಿತ್ರ ವಾರಿಜಳದು, ಮಾತು ನನ್ನದು ಎಂದು ತೀರ್ಮಾನವಾಗಿತ್ತು.

ಆರು ತಿಂಗಳಿಗೆ ನಾನು ಕೈಬಿಟ್ಟೆ. "ಇದನ್ನೆಲ್ಲ ಯಾರು ಆಡ್ತಾರೆ ಕಣೇ? ಮೊದಲು ಇಲ್ಲೇ ಉಳಿಯೋಕೆ ಪಿಆರ್ ಸಿಗ್ಲಿ" ಎಂದೆ. ಅವಳು ವಾದಿಸಲಿಲ್ಲ. ಮುಂದೆ ಮೆಲ್ಬರ್ನ್‌ಗೆ ಹೋಗಿ, ಡ್ಯಾಂಡೆನಾಂಗ್‌ನ ಒಂದು ಕನ್ನಡಕದ ಅಂಗಡಿಯಲ್ಲಿ ಗಾಜು ಕತ್ತರಿಸಿ ಫ್ರೇಮಿಗೆ ಕೂರಿಸುವ ಕೆಲಸಕ್ಕೆ ಸೇರಿದಳು. ಕೆಲಸಕ್ಕೆ ಹೋಗುವ ಮುಂಚೆ, ಬೆಳಿಗ್ಗೆ ಎದ್ದು, ನಾಲ್ಕು ವರ್ಷ ಒಬ್ಬಳೇ ಆ ಗೇಮ್ ಮುಗಿಸಿದಳು. ಮಾತುಗಳನ್ನೂ ಅವಳೇ ಬರೆದಳು.

ಅಷ್ಟರಲ್ಲಿ ನಾನು ರೌಸ್ ಹಿಲ್‌ನಲ್ಲಿ ಮನೆ ಕೊಂಡಿದ್ದೆ. ನಾರ್ತ್ ಸಿಡ್ನಿಯ ಆಫೀಸಿನಲ್ಲಿ ನನ್ನ ಕೆಲಸವೇ ಇದಾಗಿತ್ತು — ಆನ್‌ಲೈನ್ ಸ್ಟೋರಿನಲ್ಲಿ ನೂರಾರು ಚಿತ್ರಗಳ ನಡುವೆ ಯಾವುದರ ಮೇಲೆ ಜನರ ಬೆರಳು ಹೋಗುತ್ತದೆ ಎಂದು ಪರೀಕ್ಷೆ ಮಾಡಿ ಹೇಳುವುದು. ಹಾಗಾಗಿ ವಾರಿಜ ನನಗೇ ಫೋನ್ ಮಾಡಿದಳು. ಬೇರೆ ಯಾರಿಗೆ ಮಾಡಬೇಕಿತ್ತು?

ಸ್ಟೋರಿನಲ್ಲಿ ಗೇಮ್‌ನ ಮುಖಚಿತ್ರವಾಗಿ ಯಾವುದನ್ನು ಹಾಕಲಿ ಎಂದು ಎರಡು ಕವರ್ ಕಳಿಸಿದ್ದಳು. ಒಂದು, ಯಾರೋ ಕಲಾವಿದನಿಂದ ಬರೆಸಿದ್ದು: ಬೆಳ್ಳಗಿನ ಹುಡುಗಿ, ಬೆಳ್ಳಗಿನ ಹುಡುಗ, ಗುಲಾಬಿ ಸಂಜೆ, ಹಿಂದೆ ಒಂದು ಟ್ರಾಮ್. ಇನ್ನೊಂದು ಅವಳದೇ ಕೈಯದು. ಎಣ್ಣೆಗಪ್ಪು ಬಣ್ಣದ ಹೆಂಗಸು, ಕೊರಳಲ್ಲಿ ಅಳತೆಯ ಟೇಪು, ತುಟಿಗಳ ನಡುವೆ ನಾಲ್ಕು ಗುಂಡುಸೂಜಿ. ಎದುರಿಗಿರುವವನ ಕೋಟಿನ ಭುಜ ಮಾತ್ರ ಕಾಣುತ್ತದೆ. ಅವಳು ತಲೆಯೆತ್ತಿ ಅವನನ್ನು ನೋಡುತ್ತಿದ್ದಾಳೆ.

"ಇದು ನಮ್ಮ ಚಿಕ್ಕಮ್ಮ" ಎಂದಳು ವಾರಿಜ. ನನಗೆ ಗೊತ್ತಿತ್ತು. ಕಾಪುವಿನಲ್ಲಿ ರವಿಕೆ ಹೊಲಿಯುವ ಚಿಕ್ಕಮ್ಮ — ಒಂದೇ ಕೋಣೆಯಲ್ಲಿದ್ದಾಗ ಅವರ ವಿಷಯ ಎಷ್ಟು ಸಲ ಕೇಳಿದ್ದೆನೋ. ಪ್ರಾಯದಲ್ಲಿ ಅವರ ಫೋಟೋ ಹನ್ನೊಂದು ಮನೆಗೆ ಹೋಗಿ ಹನ್ನೊಂದು ಸಲ ವಾಪಸ್ ಬಂದಿತ್ತಂತೆ. ಆಮೇಲೆ ಅವರೇ ಇನ್ನು ಕಳಿಸಬೇಡಿ ಎಂದರಂತೆ. "ಅವಳಿಗೆ ಒಂದು ಲವ್ ಸ್ಟೋರಿ ಕೊಡ್ಬೇಕು ಮಾರಾಯ್ತಿ, ಗೇಮ್‌ನಲ್ಲಾದ್ರೂ" ಎಂದು ವಾರಿಜ ಹ್ಯಾರಿಸ್ ಪಾರ್ಕಿನಲ್ಲೇ ಹೇಳಿದ್ದಳು. ಗೇಮ್ ಹುಟ್ಟಿದ್ದೇ ಅದರಿಂದ.

ಎರಡು ದಿನ ಆಫೀಸಿನಲ್ಲಿ ಊಟದ ಹೊತ್ತಿಗೆ ಪರೀಕ್ಷೆ ಮಾಡಿದೆ. ಸ್ಟೋರಿನ ಪುಟದಂತೆಯೇ ಒಂದು ಪುಟ ಮಾಡಿ, ಬೇರೆ ಗೇಮ್‌ಗಳ ನಡುವೆ ಇವೆರಡನ್ನೂ ಹೆಬ್ಬೆರಳಿನಷ್ಟು ಚಿಕ್ಕದಾಗಿ ಸೇರಿಸಿ, ಒಬ್ಬೊಬ್ಬರ ಕೈಗೂ ಫೋನ್ ಕೊಟ್ಟು, ಯಾವುದನ್ನು ತೆರೆದು ನೋಡಬೇಕು ಅನ್ನಿಸುತ್ತದೆ ಎಂದು ಕೇಳಿದೆ. ಗುಲಾಬಿ ಸಂಜೆ ಗೆಲ್ಲುತ್ತದೆ ಎಂದುಕೊಂಡಿದ್ದೆ. ಅದು ಉಳಿದ ಗುಲಾಬಿ ಸಂಜೆಗಳ ನಡುವೆ ಕಳೆದೇಹೋಯಿತು. ಬೆರಳುಗಳು ಚಿಕ್ಕಮ್ಮನ ಹತ್ತಿರ ಹೋಗಿ ನಿಂತವು. ಅಕೌಂಟ್ಸ್ ವಿಭಾಗದ ಹಿರಿಯ ಹೆಂಗಸೊಬ್ಬಳು ತುಂಬ ಹೊತ್ತು ನೋಡಿ, "ಬಾಯಲ್ಲಿ ಪಿನ್ ಇದೆ, ಮಾತಾಡೋಕಾಗಲ್ಲ. ಪಿನ್ ತೆಗೆದ ಮೇಲೆ ಏನು ಹೇಳ್ತಾಳೆ ಅಂತ ನಂಗೆ ಗೊತ್ತಾಗ್ಬೇಕು" ಎಂದಳು. ಅದನ್ನೂ ಬರೆದುಕೊಂಡೆ.

ಆ ಸಂಜೆ ಖಾಲಿ ಮೀಟಿಂಗ್ ರೂಮಿಗೆ ಹೋಗಿ ವಾರಿಜಳಿಗೆ ಫೋನ್ ಮಾಡಿದೆ. ಬಾಗಿಲು ತೆಗೆಯುವಾಗಲೂ ನಿಜ ಹೇಳುವವಳೇ ಇದ್ದೆ ಅಂದುಕೊಳ್ಳುತ್ತೇನೆ — ಅಥವಾ ಹಾಗೆಂದು ನಂಬಿಕೊಂಡಿದ್ದೇನೆ. ಅವಳು ಎತ್ತಿದ ಕೂಡಲೇ, "ಹೇಳು ಸುಧಾ, ಚಿಕ್ಕಮ್ಮ ಪಾಸಾ?" ಎಂದು ನಕ್ಕಳು. ಆ ನಗುವಿನಲ್ಲಿ ಎಂಥ ಧೈರ್ಯವಿತ್ತೆಂದರೆ —

"ಗುಲಾಬಿದೇ ಹಾಕು" ಎಂದೆ. "ಇನ್ನೊಂದನ್ನ ಯಾರೂ ಮುಟ್ಟಲಿಲ್ಲ."

"ಯಾರೂ?"

"ಯಾರೂ."

"ಎಂತ ಹೇಳಿದ್ರು?"

"ಆ ಮುಖ ನೋಡಿದ್ರೆ ಲವ್ ಸ್ಟೋರಿ ಅನ್ಸಲ್ಲ ಅಂದ್ರು."

ಯಾರೂ ಹಾಗೆ ಹೇಳಿರಲಿಲ್ಲ. ಆ ಮಾತು ನನ್ನದು. ಹನ್ನೊಂದು ಮನೆಗಳವರು ಹೇಳಿದ್ದನ್ನೇ ಹನ್ನೆರಡನೆಯವಳಾಗಿ ನಾನು ಹೇಳಿದೆ — ಅದೂ ಇಪ್ಪತ್ತು ಜನರ ಬಾಯಿಗೆ ಕಟ್ಟಿ. ವಾರಿಜ, "ಆಯ್ತು. ನಿನಗೆ ಗೊತ್ತಿರ್ತದೆ" ಎಂದಳು.

ಗೇಮ್ ಹೊರಬಂದ ದಿನ ವಿಡಿಯೋ ಕಾಲ್‌ನಲ್ಲಿ ನಾವಿಬ್ಬರೂ ಇದ್ದೆವು, ಊರಿನಿಂದ ಚಿಕ್ಕಮ್ಮನೂ. ತಮ್ಮ ಚಿತ್ರ ಬರುತ್ತದೆಂದು ಅಕ್ಕಪಕ್ಕದವರನ್ನೆಲ್ಲ ಕರೆದು ಕೂರಿಸಿಕೊಂಡಿದ್ದರು. ಚಿತ್ರ ಬದಲಾದದ್ದನ್ನು ವಾರಿಜ ಅವರಿಗೆ ಮೊದಲೇ ಹೇಳಿರಲಿಲ್ಲ, ಹೇಳಲು ಆಗಿರಲಿಲ್ಲವೇನೋ. ಪುಟ ತೆರೆಯಿತು. ಚಿಕ್ಕಮ್ಮ ಕನ್ನಡಕ ಸರಿಮಾಡಿಕೊಂಡು, "ಇವಳು ಯಾರು?" ಎಂದರು. ಆಮೇಲೆ ಅವರೇ, "ಹುಡುಗಿ ಚಂದ ಉಂಟು. ಒಳ್ಳೇದಾಯ್ತು ಬಿಡು. ನನ್ನ ಮೋರೆ ಹಾಕಿದ್ರೆ ಯಾರು ನೋಡ್ತಾರೆ?" ಎಂದು ನಕ್ಕರು. ನಾನು ಕ್ಯಾಮೆರಾ ಆಫ್ ಮಾಡಿದೆ. ನೆಟ್‌ವರ್ಕ್ ಸರಿಯಿಲ್ಲ ಎಂದು ಮೆಸೇಜ್ ಹಾಕಿದೆ.

ಗುಲಾಬಿ ಸಂಜೆಗೆ ಮನಸೋತು ಬಂದವರಿಗೆ ಒಳಗೆ ಸಿಕ್ಕಿದ್ದು ಐವತ್ತು ದಾಟಿದ ದರ್ಜಿ. ಕವರ್ ಮೇಲಿನ ಹುಡುಗಿ ಎಲ್ಲಿ, ಇದು ಮೋಸ ಎಂದು ಬರೆದರು. ಒಂದೇ ತಿಂಗಳಲ್ಲಿ ಗೇಮ್ ಯಾರ ಕಣ್ಣಿಗೂ ಬೀಳದಂತಾಯಿತು. ವಾರಿಜ ಇನ್ನೊಮ್ಮೆ ಫೋನ್ ಮಾಡಿ ಕೇಳಿದಳು: "ಚಿಕ್ಕಮ್ಮಂದು ಹಾಕಿ ನೋಡ್ಲಾ ಸುಧಾ?" ದೇವರು ಎರಡನೆಯ ಅವಕಾಶ ಕೊಡುವುದಿಲ್ಲ ಎನ್ನುತ್ತಾರೆ. ನನಗೆ ಕೊಟ್ಟಿದ್ದ. "ಈಗ ಬದಲಾಯಿಸಿದ್ರೆ ಇನ್ನೂ ಕನ್ಫ್ಯೂಸ್ ಆಗ್ತಾರೆ" ಎಂದೆ.

ಆಮೇಲೆ ಮಾತ್ರ, ಅದುವರೆಗೆ ಆಡಿರದ ಗೇಮನ್ನು ಒಂದು ಶನಿವಾರ ಕೂತು ಕೊನೆಯವರೆಗೂ ಆಡಿದೆ. ಕೊನೆಯ ಹೆಸರುಗಳ ಪಟ್ಟಿಯಲ್ಲಿ, ವಾರಿಜಳ ಹೆಸರಿನ ಕೆಳಗೆ ಇತ್ತು — 'ಮೊದಲ ಮಾತುಗಳು: ಸುಧಾ.' ನಾನು ಬಿಟ್ಟುಹೋದ ಗೇಮಿನಲ್ಲಿ ಅವಳು ನನ್ನನ್ನು ಬಿಟ್ಟಿರಲಿಲ್ಲ.

ವಾರಿಜ ಚಿತ್ರ ಬರೆಯುವುದನ್ನು ನಿಲ್ಲಿಸಿದಳು. ಕಣ್ಣು ನೋಯುತ್ತದೆ ಎನ್ನುತ್ತಿದ್ದಳು. ನಾನೂ ನಂಬಿದಂತೆ ನಟಿಸಿದೆ.

ಈ ವರ್ಷ ಆಫೀಸಿನ ಕೆಲಸದ ಮೇಲೆ ಮೆಲ್ಬರ್ನ್‌ಗೆ ಹೋದಾಗ, ಮಧ್ಯಾಹ್ನದ ಬಿಡುವಿನಲ್ಲಿ ಅವಳ ಅಂಗಡಿಗೆ ಹೋದೆ. ಹೊರಗಿನ ಬೆಂಚಿನ ಮೇಲೆ ಕೂತು ಡಬ್ಬಿಯ ಮೊಸರನ್ನವನ್ನು ಎರಡು ಪಾಲು ಮಾಡುತ್ತಿದ್ದಳು. ತಿಂದ ಮೇಲೆ ಹೇಳಲು ಆಗುವುದಿಲ್ಲ ಅನ್ನಿಸಿತು. ತಿನ್ನುವ ಮೊದಲೇ ಹೇಳಿದೆ, ಎಲ್ಲ.

ಅವಳು ಚಮಚವನ್ನು ಡಬ್ಬಿಯೊಳಗೆ ಇಟ್ಟಳು. "ಎಂತಕ್ಕೆ?"

"ಹೊಟ್ಟೆಕಿಚ್ಚು." ದಾರಿಯುದ್ದಕ್ಕೂ ಬೇರೆ ಬೇರೆ ಪದ ಹುಡುಕಿದ್ದೆ. ಬೇರೆ ಇರಲಿಲ್ಲ. ನಾನು ಆಗದು ಎಂದು ಬಿಟ್ಟಿದ್ದನ್ನು ಅವಳು ಮಾಡಿ ಮುಗಿಸಿದ್ದಳು, ನನಗೆ ಸಹಿಸಲಾಗಲಿಲ್ಲ.

"ನನ್ನ ಮೇಲೆ ಹೊಟ್ಟೆಕಿಚ್ಚಾದ್ರೆ ನನಗೆ ಬೈಯ್ಬಹುದಿತ್ತು. ಅವಳ ಮೋರೆ ನಿನಗೆ ಎಂತ ಮಾಡಿತ್ತು?"

ಅವಳು ಕೂಗಾಡಲಿಲ್ಲ. ಫೋನ್ ತೆಗೆದು, ತುಳುವಿನಲ್ಲಿ ಎರಡು ಮಾತಾಡಿ, ನನ್ನ ಕೈಗೆ ಕೊಟ್ಟಳು. "ಚಿಕ್ಕಮ್ಮ. ಇವಳಿಗೂ ಹೇಳು."

ಊರಿನಲ್ಲಿ ಆಗ ಬೆಳಿಗ್ಗೆ. ಹೊಲಿಗೆ ಮಷೀನಿನ ಸದ್ದು ಕೇಳಿಸುತ್ತಿತ್ತು; ನಾನು ಹೇಳುತ್ತ ಹೋದಂತೆ ಅದು ನಿಂತಿತು. ಅವರು ಕೇಳಿದರು, "ಹಾಗಾದ್ರೆ ಅವರು ನನ್ನನ್ನು ಒಪ್ಪಿದ್ರಾ?"

"ಒಪ್ಪಿದ್ರು ಚಿಕ್ಕಮ್ಮ."

"ಅಷ್ಟು ಒಳ್ಳೆ ಸುದ್ದಿಯನ್ನು ಮೂರು ವರ್ಷ ನಿನ್ನ ಹತ್ರವೇ ಇಟ್ಕೊಂಡಿದ್ಯಾ ಮಗಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಿಜವಾಗಿಯೂ ಅರ್ಥವಾಗದೆ ಕೇಳಿದ್ದರು. ಕ್ಷಮಿಸಿ ಎಂಬ ಮಾತು ನಾಲಿಗೆಗೆ ಬಂತು — ಆಡಿದೆನೋ ಇಲ್ಲವೋ ನೆನಪಿಲ್ಲ. ವಾರಿಜ ಫೋನ್ ತೆಗೆದುಕೊಂಡು ಆಚೆ ತಿರುಗಿ ತುಳುವಿನಲ್ಲಿ ಮಾತಾಡತೊಡಗಿದಳು. ಆಮೇಲೆ ಡಬ್ಬಿಯ ಮುಚ್ಚಳ ಹಾಕಿ ಎದ್ದು ನಿಂತಳು.

"ಆ ಜನ ಎಂತೆಂತ ಹೇಳಿದ್ರು, ಒಬ್ಬೊಬ್ಬರದ್ದೂ ಬರೆದು ಕಳ್ಸು. ಅವಳಿಗೆ ಓದಿ ಹೇಳ್ಬೇಕು. ನಿನ್ನ ಮಾತು ಬೇಡ."

ಸಿಡ್ನಿಗೆ ಬಂದ ಮರುದಿನವೇ ಬರೆದೆ. ಅಕೌಂಟ್ಸ್‌ನ ಹೆಂಗಸು ಹೇಳಿದ್ದು, ಪಕ್ಕದ ಮೇಜಿನವನು ಹೇಳಿದ್ದು, ಏನೂ ಹೇಳದೆ ಆ ಮುಖವನ್ನೇ ನೋಡುತ್ತ ಊಟ ಮರೆತವಳ ವಿಷಯ — ಎಲ್ಲವನ್ನೂ ಕನ್ನಡದಲ್ಲಿ, ಚಿಕ್ಕಮ್ಮನಿಗೆ ತಿಳಿಯುವ ಹಾಗೆ. ಕೊನೆಯಲ್ಲಿ ನನ್ನದೊಂದು ಸಾಲು ಬರೆದು ಅಳಿಸಿದೆ. ಇನ್ನೊಮ್ಮೆ ಬರೆದು ಅಳಿಸಿದೆ. ಹೆಸರನ್ನೂ ಹಾಕದೆ ಕಳಿಸಿದೆ.

ವಾರಿಜ ಓದಿದ್ದಾಳೆ. ಉತ್ತರ ಬರೆದಿಲ್ಲ. ಚಿಕ್ಕಮ್ಮನಿಗೆ ಓದಿ ಹೇಳಿದೆಯಾ ಎಂದು ನಾನು ಕೇಳುವುದಿಲ್ಲ.