ಮಂಗಟ್ಟೆಯ ಬಾಣಂತನ

ಚೊಚ್ಚಲ ಬಾಣಂತನಕ್ಕೆಂದು ಸಾಗರದಿಂದ ಹೊಸನಗರದ ಕಡೆಯ ತವರಿಗೆ ಬಂದಿದ್ದೆ. ಅರವತ್ತರ ದಶಕದ ಮಾತು. ಕಿವಿಗೆ ಬಟ್ಟೆ ಕಟ್ಟಿ, ಮೆಣಸಿನ ಸಾರು ಉಣ್ಣಿಸಿ, ಕತ್ತಲೆ ಕೋಣೆಯಲ್ಲಿ ಕೂರಿಸಿದ್ದರು. ಒಂದು ಲೋಟ ತಣ್ಣೀರು ಕೇಳಿದರೆ ನಾನು ವಿಷ ಕೇಳಿದೆನೇನೋ ಎಂಬಂತೆ ಅವ್ವ ಗದರುತ್ತಿದ್ದಳು. ನನಗೋ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಕಿಟಕಿಯೊಂದು ಇದ್ದದ್ದರಿಂದ ಬಚಾವಾದೆ.

ಕಿಟಕಿಯಾಚೆ, ಕೊಟ್ಟಿಗೆಯ ಪಕ್ಕದಲ್ಲಿ ಹಳೆಯ ಮತ್ತಿಮರ. ಅದರ ಪೊಟರೆಯೊಳಗೆ ಹೆಣ್ಣು ಮಂಗಟ್ಟೆ ಹಕ್ಕಿಯೊಂದು ಸೇರಿಕೊಂಡು, ಪೊಟರೆಯ ಬಾಯಿಯನ್ನು ಒಳಗಿನಿಂದಲೇ ಮೆತ್ತಿ ಮುಚ್ಚಿಕೊಂಡಿತ್ತು. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿದಿತ್ತು. ಮರಿ ಬಲಿಯುವವರೆಗೂ ತಾಯಿಗೆ ಸೆರೆವಾಸ. ಗಂಡು ಗೋಳಿಹಣ್ಣು ತಂದು ಒಂದೊಂದಾಗಿ ಆ ಸೀಳಿನೊಳಗೆ ಕೊಡುತ್ತಿತ್ತು, ದಿನವಿಡೀ. ನನ್ನ ಯಜಮಾನರೂ ಒಮ್ಮೆ ಬಂದಿದ್ದರು. ಬಿಸ್ಕತ್ತಿನ ಪೊಟ್ಟಣ ಕೊಟ್ಟು, ಕೋಳಿಸಾರು ಉಂಡು, ಜಗಲಿಯಲ್ಲಿ ಗೊರಕೆ ಹೊಡೆದು, ಸಂಜೆ ಬಸ್ಸಿಗೆ ಹೊರಟುಹೋದರು.

ಒಂದು ಬೆಳಗ್ಗೆ ನೋಡಿದರೆ ಅಪ್ಪಯ್ಯ ಕೊಡಲಿ ಹಿಡಿದು, ಗರಗಸದವರನ್ನೂ ಕರೆದುಕೊಂಡು ಮರದ ಕೆಳಗೆ ನಿಂತಿದ್ದಾನೆ! ಕಿಟಕಿಯಿಂದಲೇ ಕೂಗು ಹಾಕಿದೆ.

“ಪೊಟರೆ ಬಿದ್ದ ಮರ ಕಣೇ. ಮಳೆಗಾಲ್ದಾಗೆ ಕೊಟ್ಗೆ ಮೇಲೆ ಬಿದ್ರೆ ಎಂತ ಮಾಡದು?” ಎಂದ.

“ಒಳಗೆ ಬಾಣಂತಿ ಇದಾಳೆ ಅಪ್ಪಯ್ಯ! ಮರ ಕಡಿದ್ರೆ ನಾ ಊಟ ಮುಟ್ಟಲ್ಲ, ನೋಡು.”

ನಾನು ಉಣ್ಣದಿದ್ದರೆ ಮಗುವಿಗೆ ಹಾಲೆಲ್ಲಿ? ಅವ್ವ ಓಡಿಹೋಗಿ ಗಂಡನ ಕೈಯಿಂದ ಕೊಡಲಿ ಕಿತ್ತುಕೊಂಡಳು. “ಬಾಣಂತಿ ಕೋಣೆ ಬಾಗ್ಲು ಒಡೆಯೋರು ಉಂಟಾ? ಮರಿ ಹಾರಿ ಹೋಗ್ಲಿ, ಆಮೇಲೆ ಕಡೀರಿ.” ಅಪ್ಪಯ್ಯ ಗೊಣಗುತ್ತಲೇ ಒಪ್ಪಿದ.

ಮಳೆ ಹಿಡಿಯುವ ಮುನ್ನ ಮೆತ್ತಿದ್ದನ್ನು ಒಡೆದು ತಾಯಿ ಹೊರಬಂತು, ಆಮೇಲೆ ಮರಿ. ಅದು ತಡಬಡಿಸಿ ಹಾರಿದ್ದನ್ನು ನೋಡಿ ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮುಂದಿನ ವಾರ ಮರ ಉರುಳಿತು. ಯಾರಿಗೂ ಬೇಸರವಾಗಲಿಲ್ಲ, ನನಗೂ. ಬಾಣಂತನ ಮುಗಿದರೆ ಹೆಣ್ಣು ತನ್ನ ಮನೆಗೆ ಹೋಗುತ್ತಾಳೆ. ನಾನೂ ಹೋದೆ, ನಾನಿದ್ದ ಕೋಣೆಗೆ ಭತ್ತದ ಚೀಲಗಳು ಬಂದವು. ಹಕ್ಕಿಯ ಕಥೆಯೂ ಇಷ್ಟೇ ಎಂದುಕೊಂಡಿದ್ದೆವು.

ಮರುವರ್ಷ ಬೇಸಗೆ ಶುರುವಾಗುವ ಹೊತ್ತಿಗೆ ಮಗಳನ್ನು ಸೊಂಟದ ಮೇಲಿಟ್ಟುಕೊಂಡು ತವರಿಗೆ ಬಂದೆ. ಹಿತ್ತಿಲಿಗೆ ಹೋದರೆ ಮಂಗಟ್ಟೆಯ ಜೋಡಿ ಬಂದುಬಿಟ್ಟಿದೆ! ಅವು ಪ್ರತಿವರ್ಷ ಅದೇ ಪೊಟರೆಗೆ ಬರುವ ಹಕ್ಕಿಗಳೆಂದು ನಮಗೆ ಹೊಳೆದೇ ಇರಲಿಲ್ಲ. ಮರವಿದ್ದ ಕಡೆ ಬರಿಯ ಗಾಳಿಯಲ್ಲಿ ಸುತ್ತಿದವು. ಕೊಟ್ಟಿಗೆಯ ಮಾಡಿನ ಮೇಲೆ ಕೂತವು. ಮತ್ತೆ ಸುತ್ತಿದವು. ಹೆಣ್ಣಿಗೆ ಮೊಟ್ಟೆಯಿಡುವ ಕಾಲ. ಕೊಟ್ಟಿಗೆಯಲ್ಲಿದ್ದ ಅಪ್ಪಯ್ಯನನ್ನು ಕೂಗಿ ಕರೆದೆ.

“ಇವು ಎಲ್ಲಿಗೆ ಹೋಗ್ತವೆ ಅಪ್ಪಯ್ಯ?” ಎಂದೆ.

ಗುಡ್ಡದ ದೊಡ್ಡ ಮರಗಳನ್ನೆಲ್ಲ ಆಗಲೇ ಲಾರಿಗಳು ಹೊತ್ತೊಯ್ದಿದ್ದವು. ಪೊಟರೆಯಿರುವ ಒಂದು ಮುದಿ ಮರವನ್ನಾದರೂ ತೋರಿಸೋಣವೆಂದು ಅಪ್ಪಯ್ಯ ಬೆರಳೆತ್ತಿದ. ಬಹಳ ಹೊತ್ತು ಹುಡುಕಿ, ಕೈ ಇಳಿಸಿದ.