ಎರಡಿಂಚು ಸಡಿಲ

ಗಂಡ ಹೋದದ್ದು ಟೈಲರಮ್ಮನಿಗೆ ಇನ್ನೂ ಅರ್ಥವಾಗಿರಲಿಲ್ಲ. ಬೆಳಿಗ್ಗೆ ಮೇಜಿನ ಮುಂದೆ ನಿಂತು ಬಟ್ಟೆ ಕತ್ತರಿಸಿದ ಮನುಷ್ಯ ಸಂಜೆಗೆ ಇರಲಿಲ್ಲ. ಸಕ್ಕರೆ ಕಾಯಿಲೆ ಇತ್ತು, ಬಿ.ಪಿ. ಇತ್ತು ಎಂದರು ಆಸ್ಪತ್ರೆಯಲ್ಲಿ. ಇದ್ದರೆ ಒಂದು ದಿನವಾದರೂ ತಲೆ ಸುತ್ತು ಎನ್ನಬೇಡವೇ? ಏನೂ ಇಲ್ಲದವರೊಳಗೆ ಎಲ್ಲವೂ ಇತ್ತು ಅಂದರೆ ಏನೆಂದು ತಿಳಿಯುವುದು?

ಆ ರಕ್ತದವರಲ್ಲಿ ಈಗ ಉಳಿದಿರುವುದು ಮೈದುನ ಒಬ್ಬನೇ. ಅವಳ ಅಂಗಡಿಯ ಪಕ್ಕದಲ್ಲೇ ಅವನ ಟೈರ್ ಶೆಡ್ಡು. ಸಕ್ಕರೆ, ಬಿ.ಪಿ. ತಪಾಸಣೆಗೆಂದು ನರ್ಸಮ್ಮ ಬೀದಿಗೆ ಬಂದಾಗ ಅವನೇ ಟೈರುಗಳನ್ನು ಮೂಲೆಗೆ ಪೇರಿಸಿ ಜಾಗ ಮಾಡಿಕೊಟ್ಟ. ತಾನು ಮಾತ್ರ ಹತ್ತಿರ ಸುಳಿಯಲಿಲ್ಲ.

"ಜಾಗ ಕೊಟ್ಟಿದ್ದೀನಲ್ಲ ಅತ್ತಿಗೆ, ರಕ್ತಾನೂ ಕೊಡ್ಬೇಕಾ? ಗುಂಡುಕಲ್ಲಿನ ಹಾಗಿದ್ದೀನಿ ನಾನು."

"ನಿಮ್ಮಣ್ಣನೂ ಗುಂಡುಕಲ್ಲೇ ಆಗಿದ್ರು."

ಅಲ್ಲಿ ಮೊದಲು ನಾಲ್ಕು ಪ್ರಶ್ನೆ ಕೇಳಿ, ಸೊಂಟ ಅಳೆದು, ಅಂಕ ಹಾಕುತ್ತಿದ್ದರು. ಅಂಕ ಹೆಚ್ಚು ಬಂದವರಿಗೆ ಬೆರಳು ಚುಚ್ಚಿ ಸಕ್ಕರೆ ನೋಡುವುದು. ನರ್ಸಮ್ಮನ ಟೇಪು ಶುರುವಿನಲ್ಲೇ ಹರಿಯಿತು. ಕುತ್ತಿಗೆಯಲ್ಲಿ ಟೇಪು ಹಾಕಿಕೊಂಡೇ ನಿಂತಿದ್ದ ಟೈಲರಮ್ಮನನ್ನು ಕರೆದರು. ಅವಳು ಅಳೆದು ಕೂಗಿದಳು, ನರ್ಸಮ್ಮ ಬರೆದುಕೊಂಡರು.

"ಹೊಟ್ಟೆ ಒಳಗೆ ಎಳ್ಕೋಬೇಡ್ರೀ, ಫೋಟೋ ತೆಗೀತಾ ಇಲ್ಲ," ಎಂದು ಬೇಕರಿಯವನನ್ನು ಗದರಿದಳು. ಸಾಲೆಲ್ಲ ನಕ್ಕಿತು. ಆ ನಗುವಿಗೆ ಮೈದುನ ಇಣುಕಿದ. ಇಣುಕಿದವನ ಸೊಂಟಕ್ಕೂ ಟೇಪು ಬಿತ್ತು. ತಮಾಷೆಯೆಂದುಕೊಂಡೇ ಪ್ರಶ್ನೆಗಳಿಗೆ ಉತ್ತರ ಕೊಟ್ಟ. ಅಂಕ ಗೆರೆ ದಾಟಿತು. ಗೊಣಗುತ್ತಾ ಕುರ್ಚಿಯಲ್ಲಿ ಕೂತ. ಟೈಲರಮ್ಮನಿಗೆ ಹೋದ ಉಸಿರು ಬಂದ ಹಾಗಾಯಿತು.

ಅಷ್ಟರಲ್ಲಿ ನರ್ಸಮ್ಮನ ಪೆನ್ನು ನಿಂತಿತು. "ಏನಮ್ಮಾ ಇದು, ಈ ಬೀದೀಲಿ ಒಬ್ರಿಗಾದ್ರೂ ಅಂಕ ಕಮ್ಮಿ ಬರಲ್ವಾ? ಕಡ್ಡಿ ಹಾಗಿರೋ ಈ ಪೇಪರಿನವರ ಸೊಂಟಾನೂ ಇಷ್ಟೊಂದಾ?"

"ಹಾಗಾದ್ರೆ ನನ್ಗೂ ಬಂತಾ ಮೇಡಂ?" ಪೇಪರ್ ಹಾಕುವವನ ಮುಖ ಬಿಳುಚಿಕೊಂಡಿತು.

ಟೈಲರಮ್ಮ ಕೈಯಲ್ಲಿದ್ದ ಟೇಪನ್ನು ನೋಡಿಕೊಂಡಳು. ಅಂಗಿ ಮೈಗೆ ಬಿಗಿಯಬಾರದೆಂದು ಎರಡಿಂಚು ಸಡಿಲ ಬಿಡುವುದು ಟೈಲರ್ ಕಸುಬಿನ ರೂಢಿ. ಇಷ್ಟು ವರ್ಷವೂ ಅವಳು ಅಳೆದು, ಎರಡಿಂಚು ಸೇರಿಸಿಯೇ ಕೂಗಿದ್ದು. ಗಂಡ ಅದನ್ನೇ ಹಿಡಿದು ಕತ್ತರಿ ಆಡಿಸಿದ್ದು. ಈಗಲೂ ಬಾಯಿ ಹಾಗೇ ಕೂಗಿತ್ತು. ಕೇಳಿಸಿಕೊಳ್ಳುವವರು ಬೇರೆ ಎಂದು ಬಾಯಿಗೇನು ಗೊತ್ತು?

ಹೇಳಿದರೆ ಮೈದುನ ಎದ್ದು ಹೋಗುತ್ತಾನೆ. ಹೇಳದಿದ್ದರೆ ಪೇಪರಿನವ ಸುಮ್ಮಸುಮ್ಮನೆ ಹೆದರಿ ಸಾಯುತ್ತಾನೆ. ಯಾವುದು ಸರಿಯೋ ಹೊಳೆಯಲಿಲ್ಲ. ಪೇಪರಿನವನ ಮುಖ ನೋಡಲಾಗದೆ ಹೇಳಿಬಿಟ್ಟಳು.

ನರ್ಸಮ್ಮ ಹಣೆ ಹಣೆ ಚಚ್ಚಿಕೊಂಡರು. ಎಲ್ಲರ ಲೆಕ್ಕದಲ್ಲೂ ಎರಡೆರಡು ಇಂಚು ಕಳೆದರು. ಪೇಪರಿನವ ಪಾರಾದ. ಮೈದುನನೂ ಪಾರಾದ.

"ನೋಡಿದ್ರಾ? ಪಾಸು!" ಅವನು ಎದ್ದೇಬಿಟ್ಟ.

"ಕೂತ್ಕೋ. ಮನೇಲಿ ಯಾರಿಗಾದ್ರೂ ಸಕ್ಕರೆ ಇತ್ತಾ ಅಂತ ಕೇಳಿದ್ರಲ್ಲ, ಏನಂದೆ?"

"ಇಲ್ಲ ಅಂದೆ."

"ನಿಮ್ಮಣ್ಣ?"

"ಅದು ಅವನು ಹೋದ್ಮೇಲೆ ಹೇಳಿದ್ದಲ್ವಾ ಅತ್ತಿಗೆ. ಇದ್ದಾಗ ಎಲ್ಲಿತ್ತು?"

ಟೈಲರಮ್ಮನಿಗೂ ಒಳಗೊಳಗೆ ಹಾಗೇ ಅನಿಸಿತ್ತು.

"ಇದ್ದಾಗ್ಲೂ ಇತ್ತಪ್ಪಾ, ಯಾರೂ ನೋಡಿರ್ಲಿಲ್ಲ ಅಷ್ಟೆ," ಎಂದು ನರ್ಸಮ್ಮ ಅದರ ಅಂಕವನ್ನೂ ಸೇರಿಸಿದರು. ಲೆಕ್ಕ ಮತ್ತೆ ಗೆರೆ ದಾಟಿತು. ಅವನ ಕೈ ಎಳೆದುಕೊಂಡರು. ಅವನು ಈ ಸಲ ಕೊಸರಲಿಲ್ಲ.

ಮೆಷಿನ್ನಿನಲ್ಲಿ ಬಂದದ್ದನ್ನು ನರ್ಸಮ್ಮ ಮತ್ತೊಮ್ಮೆ ನೋಡಿದರು. "ಜಾಸ್ತಿ ಇದೆ. ಆದ್ರೆ ನೀವು ತಿಂಡಿ ತಿಂದಿದ್ದೀರಿ. ನಾಳೆ ಖಾಲಿ ಹೊಟ್ಟೇಲಿ ಆಸ್ಪತ್ರೆಗೆ ಬನ್ನಿ, ಇನ್ನೊಂದ್ಸಲ ನೋಡೋಣ."

"ಅಂದ್ರೆ, ಇದೆಯಾ ಇಲ್ವಾ?"

"ಈಗ್ಲೇ ಹೇಳಕ್ಕಾಗಲ್ಲ."

ಎಲ್ಲರೂ ಹೋದರು. ಮೈದುನ ಹತ್ತಿ ಒತ್ತಿಕೊಂಡ ಬೆರಳನ್ನೇ ನೋಡುತ್ತಾ ಟೈರಿನ ಮೇಲೆ ಕೂತಿದ್ದ.

"ಅತ್ತಿಗೆ, ಅಣ್ಣ ಹೀಗೆ ಒಂದ್ಸಲ ನೋಡಿಸ್ಕೊಂಡಿದ್ರೆ ಇರ್ತಿದ್ನಾ?"

"ನನಗೇನು ಗೊತ್ತೋ," ಎಂದಳು. ಟೇಪನ್ನು ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. "ನಾಳೆ ಬೆಳಿಗ್ಗೆ ಏನೂ ತಿನ್ಬೇಡ. ನಾನೂ ತಿನ್ನಲ್ಲ. ಇಬ್ರೂ ಹೋಗೋಣ."