ಹರೀಶನ ನಾಲ್ಕು ನಿಮಿಷ

ಮೂರು ವರ್ಷದ ಹಿಂದಿನ ಮಾತು. ಆರ್ಟಿಸ್ಟಿಕ್ ಸ್ಕೇಟಿಂಗ್‌ನಲ್ಲಿ ನಾನು ರಾಜ್ಯಮಟ್ಟದ ತೀರ್ಪುಗಾರನಾಗಿದ್ದೆ. ಮಂಜುಗಡ್ಡೆಯ ಮೇಲಿನ ಫಿಗರ್ ಸ್ಕೇಟಿಂಗನ್ನು ನೀವು ಟಿವಿಯಲ್ಲಿ ನೋಡಿರುತ್ತೀರಿ. ನಮ್ಮಲ್ಲಿ ಅದೇ ಆಟ ಚಕ್ರಗಳ ಮೇಲೆ. ಅಂಕ ಎರಡು ಬಗೆ. ಜಂಪ್, ಸ್ಪಿನ್‌ಗಳಿಗೆ ಟೆಕ್ನಿಕಲ್. ಸಂಗೀತಕ್ಕೆ ಮೈ ಹೇಗೆ ಸ್ಪಂದಿಸಿತು, ಜಂಪ್‌ಗಳ ನಡುವೆ ಆಟಗಾರ ಏನು ಮಾಡಿದ ಎಂಬುದಕ್ಕೆ ಆರ್ಟಿಸ್ಟಿಕ್.

ಬಸವೇಶ್ವರನಗರದ ರಿಂಕ್‌ನಲ್ಲಿ ಪುರುಷರ ಆಯ್ಕೆ ಪಂದ್ಯ. ರಾಷ್ಟ್ರೀಯ ಕೂಟಕ್ಕೆ ಹೋಗುವವನು ಒಬ್ಬನೇ, ಪೈಪೋಟಿ ಇಬ್ಬರ ನಡುವೆ. ಕಾರ್ತಿಕ್ ಡಬಲ್ ಆಕ್ಸೆಲ್ ಹಾಕುವವನು, ಅಂದರೆ ಗಾಳಿಯಲ್ಲಿ ಎರಡೂವರೆ ಸುತ್ತು. ಹರೀಶನ ಜಂಪ್ ಸಾಧಾರಣ, ಮಂಡಿ ಸವೆದಿತ್ತು. ಅವನಿಗೆ ಇದೇ ಕೊನೆಯ ಅವಕಾಶ.

ನನ್ನ ಪಕ್ಕ ಕುಳಿತ ತೀರ್ಪುಗಾರ್ತಿ ಸುಧಾ, ನೃತ್ಯ ಶಿಕ್ಷಕಿ. ಹಿಂದಿನ ಸಂಜೆ ಅವರು ಹರೀಶನ ಸ್ಕೂಟರ್ ಹತ್ತಿ ಮೂಡಲಪಾಳ್ಯದ ಕಡೆ ಹೋದದ್ದನ್ನು ಕಂಡಿದ್ದೆ. ನಾನು ಮೊದಲೇ ಅನುಮಾನದ ಪ್ರಾಣಿ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಹರೀಶ ತನ್ನ ನಾಲ್ಕು ನಿಮಿಷದ ಆಟಕ್ಕೆ ರಿಂಕ್‌ಗೆ ಇಳಿದಾಗ ನನ್ನ ಕಣ್ಣು ಸುಧಾ ಅವರ ಪೆನ್ ಮೇಲಿತ್ತು. ಜಂಪ್‌ಗೆ ಮುಂಚೆ ಚಕ್ರದ ಸದ್ದು ಬದಲಾಗುತ್ತದೆ. ಆಗಷ್ಟೇ ತಲೆ ಎತ್ತುತ್ತಿದ್ದೆ. ಒಂದು ಜಂಪ್‌ನಲ್ಲಿ ಅವನು ಬಿದ್ದ.

ಆರ್ಟಿಸ್ಟಿಕ್‌ಗೆ ಹತ್ತಕ್ಕೆ ನಾನು ಕೊಟ್ಟದ್ದು ಐದು, ಸುಧಾ ಕೊಟ್ಟದ್ದು ಒಂಬತ್ತು. ಕೂದಲೆಳೆಯ ಅಂತರದಲ್ಲಿ ಹರೀಶ ಗೆದ್ದ. ಪಕ್ಷಪಾತವಾಗಿದೆ ಎಂದು ಅಂದೇ ರಾಜ್ಯ ಸಂಘಕ್ಕೆ ದೂರು ಬರೆದುಕೊಟ್ಟೆ. ಅವನ ಆಯ್ಕೆಗೆ ತಡೆ ಬಿತ್ತು.

ಭಾನುವಾರ ಬೆಳಿಗ್ಗೆ ವಿಚಾರಣೆ. ಇಬ್ಬರು ಆಟಗಾರರೂ ಬಂದಿದ್ದರು. ಸ್ಕೂಟರ್ ವಿಷಯವನ್ನೇ ಮೊದಲು ಎತ್ತಿದೆ. ಸುಧಾ ಕೋಪಿಸಿಕೊಳ್ಳಲೂ ಇಲ್ಲ.

"ನಮ್ಮಿಬ್ರ ಮನೇನೂ ಮೂಡಲಪಾಳ್ಯದಲ್ಲೇ ಸಾರ್. ಹೋದ ತಿಂಗಳು ನಿಮ್ಮನ್ನ ವಿಜಯನಗರ ಮೆಟ್ರೋ ಹತ್ರ ಡ್ರಾಪ್ ಮಾಡಿದ್ದೂ ಅವ್ನೇ ಅಲ್ವಾ?"

ಹೌದು, ಅವನೇ.

ನಮ್ಮಲ್ಲಿ ಒಂದು ಪದ್ಧತಿ: ಅಂಕದ ಬಗ್ಗೆ ತಕರಾರು ಬಂದರೆ ತೀರ್ಪುಗಾರರು ಆಟ ನಡೆಯುವಾಗ ಬರೆದುಕೊಂಡ ಟಿಪ್ಪಣಿ ಹಾಳೆಯನ್ನು ಎಲ್ಲರೆದುರು ಓದಬೇಕು. ಸುಧಾ ಓದಿದರು. ಪಿಟೀಲು ಏರಿದಾಗ ಹರೀಶ ಒಂಟಿ ಕಾಲಲ್ಲಿ ಅರ್ಧ ರಿಂಕ್ ಸಾಗಿದ್ದು, ಬಿದ್ದವನು ತಾಳ ತಪ್ಪದೆ ಎದ್ದಿದ್ದು, ಕೊನೆಯಲ್ಲಿ ಸಂಗೀತದ ಜೊತೆಗೇ ನಿಂತದ್ದು. ಹಾಳೆಯ ಎರಡೂ ಮಗ್ಗುಲು ತುಂಬಿದ್ದವು.

ನನ್ನ ಸರದಿ. ಟೆಕ್ನಿಕಲ್ ಭಾಗದಲ್ಲಿ ನಾಲ್ಕು ಜಂಪ್‌ಗಳ ಹೆಸರು. ಆರ್ಟಿಸ್ಟಿಕ್ ಭಾಗ ಖಾಲಿ, ಕೆಳಗೆ ಐದು ಅಂಕ ಮಾತ್ರ. ಓದಲು ಏನೂ ಇರಲಿಲ್ಲ. ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಆಗಿರಲಿಲ್ಲ. ಅಲ್ಲೇ ದೂರು ಹಿಂತೆಗೆದುಕೊಂಡೆ, ತಡೆಯೂ ತೆರವಾಯಿತು.

ಹೊರಗೆ ಹರೀಶ ಕಾಯುತ್ತಿದ್ದ. ಜಗಳಕ್ಕೇ ಬಂದಿದ್ದಾನೆ ಎಂದು ಆಗಲೂ ಅನುಮಾನಪಟ್ಟೆ.

"ಸಾರ್, ಐದು ಕೊಟ್ಟಿದ್ರಲ್ಲ, ಎಲ್ಲಿ ತಪ್ಪಾಯ್ತು ಅಂತ ಹೇಳಿ. ನ್ಯಾಷನಲ್ಸ್ ಒಳಗೆ ತಿದ್ಕೋತೀನಿ."

"ನಾನು ನಿನ್ನನ್ನ ನೋಡ್ಲೇ ಇಲ್ಲ ಕಣಪ್ಪ," ಎಂದೆ.

ಪಕ್ಕದವರ ಮೇಲೆ ಸಂಶಯವಿದ್ದರೆ ತೀರ್ಪುಗಾರ ಅದನ್ನು ಪಂದ್ಯಕ್ಕೆ ಮೊದಲೇ ಹೇಳಬೇಕು. ಸಂಗೀತ ಶುರುವಾದ ಮೇಲೆ ಅವನ ಕಣ್ಣು ಆಟಗಾರನ ಸ್ವತ್ತು. ಹರೀಶನ ಸ್ವತ್ತನ್ನು ನಾಲ್ಕು ನಿಮಿಷ ಕದ್ದವನು ನಾನು.